"ಪಥ್ಯ ಏನು ಡಾಕ್ಟ್ರೇ?" ಅಂದರೆ ಉತ್ತರ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಅಮ್ಮನಿಗೆ 58 ವರ್ಷ. ಹೋದ ವರ್ಷವೆಲ್ಲ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 8.2. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದರು, ಮಂಡಿ ನೋವು ಅಂದಿದ್ದಕ್ಕೆ ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿದರು. ನಾಲ್ಕು ತಿಂಗಳಾದ ಮೇಲೆ 8.4. ಮಾತ್ರೆ ಬದಲಾಯಿತು. ಮತ್ತೆ ಮೂರು ತಿಂಗಳಿಗೆ 8.5. ಇನ್ನು ಇಂಜೆಕ್ಷನ್ ಕೊಡೋಣ ಅಂದರು.

ಅಷ್ಟರಲ್ಲಿ ಪಕ್ಕದ ಮನೆಯ ಬಸುರಿಯನ್ನು ನೋಡಲು ಆಶಾ ಕಾರ್ಯಕರ್ತೆ ಬಂದಿದ್ದರು. ಅಮ್ಮ ಜಗಲಿ ಮೇಲೆ ಕೂತು ಮಾತ್ರೆ ನುಂಗುತ್ತಿದ್ದಳು. ತಿಂಡಿ ಆದ ತಕ್ಷಣ, ಎರಡೂ ಮಾತ್ರೆ ಒಟ್ಟಿಗೆ, ಒಂದು ಲೋಟ ಟೀ ಜೊತೆ. "ಅಯ್ಯೋ ಅಮ್ಮ, ಹಿಂಗೆ ತಗೊಂಡ್ರೆ ಮೈಗೆ ಹತ್ತಲ್ಲ" ಅಂದರು ಆಕೆ. ಟೀ ಇರಲಿ, ಕ್ಯಾಲ್ಸಿಯಂ ಇರಲಿ, ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ ಸೇರಲು ಸಹಾಯ ಮಾಡುತ್ತವೆ. ಅವತ್ತಿನಿಂದ ಕ್ಯಾಲ್ಸಿಯಂ ರಾತ್ರಿಗೆ ಹೋಯಿತು, ಟೀ ಎರಡು ಗಂಟೆ ಮುಂದೆ ಹೋಯಿತು, ಕಬ್ಬಿಣದ ಮಾತ್ರೆಗೆ ನಿಂಬೆ ನೀರು ಬಂತು, ಸೊಪ್ಪಿನ ಪಲ್ಯಕ್ಕೂ ನಿಂಬೆ ಹಿಂಡತೊಡಗಿದಳು. ಮಾತ್ರೆ ಅದೇ. ಮೂರು ತಿಂಗಳಿಗೆ 10.6.

ಏಳು ತಿಂಗಳಲ್ಲಿ ಐದು ಸಲ ಡಾಕ್ಟರ ಹತ್ತಿರ ಹೋಗಿದ್ದೆವು. ಐದು ಸಲವೂ ಅಮ್ಮ ಹೊರಡುವಾಗ "ಪಥ್ಯ ಏನು ಡಾಕ್ಟ್ರೇ?" ಅಂತ ಕೇಳಿದ್ದಳು. ಐದು ಸಲವೂ ಬಂದ ಉತ್ತರ ಒಂದೇ: "ಪಥ್ಯ ಗಿಥ್ಯ ಏನೂ ಇಲ್ಲಮ್ಮ, ಎಲ್ಲಾ ತಿನ್ನಿ."

ನಾನು ಆ ಡಾಕ್ಟರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಒಳ್ಳೆಯವರು, ಹೊರಗೆ ಅರವತ್ತು ಜನ ಕಾಯುತ್ತಿರುತ್ತಾರೆ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಅಷ್ಟರಲ್ಲಿ ಮಾತ್ರೆ ಬರೆಯಬಹುದು, ಊಟದ ಕಥೆ ಕೇಳಲು ಆಗುವುದಿಲ್ಲ. ಆದರೆ ಸಮಯ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಎಂಬಿಬಿಎಸ್‌ನಲ್ಲಿ ಪೌಷ್ಟಿಕತೆ ಇದೆ, ಇಲ್ಲ ಅಂತಲ್ಲ. ಜೀವರಸಾಯನ ಶಾಸ್ತ್ರದಲ್ಲಿ ಒಂದಿಷ್ಟು, ಸಮುದಾಯ ವೈದ್ಯಶಾಸ್ತ್ರದಲ್ಲಿ ಒಂದಿಷ್ಟು ಓದುತ್ತಾರೆ. ವಿಟಮಿನ್ ಹೆಸರು, ಕೊರತೆಯ ಲಕ್ಷಣ ಎಲ್ಲ ಬಾಯಿಪಾಠ ಬರುತ್ತೆ. ಎದುರಿಗೆ ಕೂತ ಹೆಂಗಸು ಬೆಳಗ್ಗೆ ಏನು ತಿಂದಳು, ಮನೆಯವರೆಲ್ಲ ಉಂಡ ಮೇಲೆ ಅವಳ ಪಾಲಿಗೆ ಏನು ಉಳಿಯಿತು ಅಂತ ಕೇಳುವುದನ್ನು ಮಾತ್ರ ಸರಿಯಾಗಿ ಕಲಿಸುವವರು ಕಡಿಮೆ.

ಒಂದು ಕಾಲದಲ್ಲಿ ಇದು ವೈದ್ಯರದ್ದೇ ಕೆಲಸವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಶುರುವಾಗಿದ್ದು ಕೂನೂರಿನ ಒಂದು ಸಣ್ಣ ಕೋಣೆಯಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರಿಂದ. ಅವರು ಹುಡುಕುತ್ತಿದ್ದದ್ದು ಬೆರಿಬೆರಿ ಕಾಯಿಲೆಯ ಮೂಲವನ್ನು. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರುತ್ತಿದ್ದ ಕಾಯಿಲೆ ಅದು. ಆಮೇಲೆ ಆ್ಯಂಟಿಬಯೋಟಿಕ್ ಬಂತು, ಒಂದೊಂದು ರೋಗಕ್ಕೆ ಒಂದೊಂದು ಮಾತ್ರೆ ಬಂತು, ಊಟದ ವಿಷಯ ಮೆಲ್ಲಗೆ ಡಾಕ್ಟರ ಮೇಜಿನಿಂದ ಕೆಳಗಿಳಿಯಿತು.

ಊಟದ ಬಗ್ಗೆ ಹೇಳಿದರೂ ಹೇಗೆ ಹೇಳುತ್ತಾರೆ ನೋಡಿ. ನಮ್ಮ ದೊಡ್ಡಪ್ಪನಿಗೆ ಶುಗರ್. ಅವರ ಕ್ಲಿನಿಕ್ಕಿನಲ್ಲಿ ಒಂದು ಅಚ್ಚಾದ ಹಾಳೆ ಕೊಟ್ಟರು, ಕೆಳಗೆ ಔಷಧಿ ಕಂಪನಿಯ ಹೆಸರು. ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ, ಆಲಿವ್ ಎಣ್ಣೆ. ದೊಡ್ಡಪ್ಪ ತೋಟದಿಂದ ಬಂದು ಒಂಬತ್ತು ಗಂಟೆಗೆ ಮುದ್ದೆ ಉಣ್ಣುವವರು, ರಾತ್ರಿ ಅನ್ನ ಸಾರು. ಆ ಹಾಳೆ ಕ್ಯಾಲೆಂಡರ್ ಹಿಂದೆ ಸೇರಿತು. ರಾಗಿ ತಿಂದರೆ ಶುಗರ್ ಏರಲ್ಲ ಅಂತ ಯಾರೋ ಹೇಳಿದ್ದರಿಂದ ಒಂದಿದ್ದ ಮುದ್ದೆ ಎರಡಾಗಿತ್ತು. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಜಾಸ್ತಿ ಇದೆ ನಿಜ, ಆದರೆ ಅದರಲ್ಲೂ ಹೆಚ್ಚಿರುವುದು ಪಿಷ್ಟವೇ. ಮುದ್ದೆ ಚಿಕ್ಕದು ಮಾಡಿ, ಕಾಳು ಸೊಪ್ಪು ಜಾಸ್ತಿ ಹಾಕಿಕೊಳ್ಳಿ ಅಂತ ಹೇಳಲು ಎಷ್ಟು ಹೊತ್ತು ಬೇಕು? ಇನ್ನೊಂದು ಮಾತು. ಅವರು ಹನ್ನೊಂದು ವರ್ಷದಿಂದ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ. ಈ ಮಾತ್ರೆಯನ್ನು ಬಹಳ ವರ್ಷ ತಗೊಂಡರೆ ಕೆಲವರಲ್ಲಿ ಬಿ12 ವಿಟಮಿನ್ ಇಳಿಯುತ್ತದೆ, ಕಾಲು ಜೋಮು ಹಿಡಿಯುವುದಕ್ಕೆ ಅದೂ ಕಾರಣ ಇರಬಹುದು. ದೊಡ್ಡಪ್ಪನ ಕಾಲು ಜೋಮನ್ನು ಎಲ್ಲರೂ ಶುಗರ್ ಲೆಕ್ಕಕ್ಕೆ ಬರೆದರು. ಬಿ12 ಪರೀಕ್ಷೆ ಒಂದು ಸಲವೂ ಆಗಿಲ್ಲ.

ಊಟದ ಮಾತು ಅಜ್ಜಿ ಕಾಲದ ಮಾತು ಅನ್ನುವ ಡಾಕ್ಟರುಗಳಿಗೆ ಕ್ಷಯರೋಗದ ಉದಾಹರಣೆ ಕೊಡುತ್ತೇನೆ. ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. 2,800 ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳಿಗೆಲ್ಲ ಚಿಕಿತ್ಸೆಯ ಜೊತೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61% ಕಡಿಮೆ ಕಂಡಿತು. 2023ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಗಳಲ್ಲಿ ಇದು ಪ್ರಕಟವಾಯಿತು. ಅಕ್ಕಿ ಬೇಳೆಯಿಂದ ಆದದ್ದು ಇದು! ಕ್ಷಯರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಮೊಟ್ಟೆ, ಬೇಳೆಯ ಈಗಿನ ರೇಟಿಗೆ ಅದು ಎಷ್ಟು ದಿನ ಬರುತ್ತೆ?

ಡಾಕ್ಟರುಗಳು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ಇದು ನನಗಿರುವ ದೊಡ್ಡ ಭಯ. ಇನ್ಸುಲಿನ್ ಬಿಡಿ, ಈ ಕಷಾಯ ಕುಡಿಯಿರಿ ಅನ್ನುವ ವಾಟ್ಸಾಪ್ ಪಂಡಿತರು ಅಲ್ಲಿಗೆ ಬಂದು ಕೂರುತ್ತಾರೆ. ಊಟ ಮಾತ್ರೆಗೆ ಬದಲಿ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಔಷಧಿ ನಿಲ್ಲಿಸಬೇಡಿ. ಔಷಧಿ ಬರೆಯುವ ಕೈಯೇ ಊಟದ ಬಗ್ಗೆಯೂ ಒಂದು ಸಾಲು ಬರೆಯಲಿ ಅಂತ ಕೇಳುತ್ತಿದ್ದೇನೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಹೊರರೋಗಿಗಳಿಗೆ ಸಿಗುವ ಹಾಗೆ ಒಬ್ಬ ಆಹಾರ ತಜ್ಞರು ಇರಲಿ, ಆ ಊರಿನ ಊಟ ಗೊತ್ತಿರುವವರು.

ಮುಂದಿನ ವಾರ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಬೇಕು. ಅವಳು ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನುತ್ತಾಳೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಟೀ ಎಷ್ಟು ಸಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಡಾಕ್ಟರು ಕೇಳದಿದ್ದರೂ ಅವರ ಮುಂದೆ ಇಡುತ್ತೇನೆ.

— ಒಬ್ಬ ಓದುಗ, ತುಮಕೂರು ಜಿಲ್ಲೆ