ಘಾಟ್ಕೋಪರ್ ಬ್ರಾಂಚ್, ಹೊಸ ರೇಟು, ಮತ್ತೆ ಆ ಸಾಲದ ವಿಷಯ: ನಮ್ಮ ಗಿರಾಕಿಗಳಿಗೆ

ಎಲ್ಲರಿಗೂ ನಮಸ್ಕಾರ. 2022 ಜನವರಿ 1ರಿಂದ ಮುಂಬೈಯ ನಮ್ಮ ಹೋಟೆಲಿನ ಘಾಟ್ಕೋಪರ್ ಬ್ರಾಂಚ್ ಪೂರ್ತಿ ಬಂದ್. ಫೋರ್ಟ್‌ನ ಹಳೇ ಹೋಟೆಲ್ ಇರ್ತದೆ, ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ, ರಾತ್ರಿ ಊಟ ಇಲ್ಲ. ಕಾಫಿ 25 ಇದ್ದದ್ದು 30, ಮಸಾಲೆ ದೋಸೆ 70 ಇದ್ದದ್ದು 85. ಆ್ಯಪ್ ಆರ್ಡರೂ ನಿಲ್ಲಿಸ್ತಿದ್ದೇವೆ. ನಿಮಗೆ ತೊಂದರೆ ಆಗ್ತದೆ, ಅದರಲ್ಲೂ ಭಾನುವಾರ ಮಕ್ಕಳು ಮರಿ ಕರ್ಕೊಂಡು ಘಾಟ್ಕೋಪರಿಗೆ ಬರ್ತಿದ್ದ ಮನೆಯವರಿಗೆ, ದಯವಿಟ್ಟು ಕ್ಷಮಿಸಿ.

ರೇಟ್ ನೋಡಿ ಒಬ್ರು "ಲೂಟಿ" ಅಂತ ಬರೆದಿದ್ರು, ಓದಿ ತುಂಬಾ ಬೇಜಾರಾಯ್ತು. ಹೋಟೆಲಿನವರು ಬಳಸುವ 19 ಕೆಜಿ ಗ್ಯಾಸ್ ಸಿಲಿಂಡರ್ 2021ರ ನವೆಂಬರ್ 1ಕ್ಕೆ ಒಂದೇ ಸಲ 266 ರೂಪಾಯಿ ಏರಿ ಮುಂಬೈಯಲ್ಲಿ 1,950 ಆಯ್ತು, ಅದರೊಳಗೆ ಶೇ. 18 ಜಿಎಸ್‌ಟಿ ಉಂಟು, ನಿಮ್ಮ ಬಿಲ್ಲಿಗೆ ಹಾಕುವ ಶೇ. 5ರಲ್ಲಿ ಅದನ್ನ ಕಳೆಯುವ ಹಾಗಿಲ್ಲ, ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಮೊದಲೇ ಕೊಟ್ಟ ತೆರಿಗೆ ಕಳೆಯುವ ಸೌಲಭ್ಯ, ಇಲ್ಲ. ಎಣ್ಣೆ ರೇಟು ನಿಮ್ಮ ಮನೆಯಲ್ಲೇ ಗೊತ್ತುಂಟು. ಆ್ಯಪಿನವರು ಹೆಚ್ಚುಕಮ್ಮಿ ಕಾಲು ಭಾಗ ಹಿಡ್ಕೊಳ್ತಾರೆ, ನೂರು ರೂಪಾಯಿ ಪಾರ್ಸೆಲ್ ಕಳಿಸಿ 75 ಕೈಗೆ ಬಂದ್ರೆ ಅದರಲ್ಲಿ ಹುಡುಗರ ಸಂಬಳ ಎಲ್ಲಿಂದ ಕೊಡೋದು.

ಇನ್ನು ಎಲ್ಲರೂ ಕೇಳುವ ಮಾತು. ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಸರ್ಕಾರವೇ ಗ್ಯಾರಂಟಿ ನಿಂತು ಬ್ಯಾಂಕಿಂದ ಸಾಲ ಕೊಡಿಸ್ತಿತ್ತಲ್ಲ, ಆಗ ಬೇಡ ಅಂದು ಈಗ ನಮ್ಮ ತಲೆ ಮೇಲೆ ಯಾಕೆ ಹಾಕ್ತೀರಿ ಅಂತ. ಬ್ಯಾಂಕಿನವರೇ ಫೋನ್ ಮಾಡಿದ್ದು ಹೌದು, ನಾವು ಬೇಡ ಅಂದದ್ದೂ ಹೌದು. ಆದ್ರೆ ಲೆಕ್ಕ ನೋಡಿ. 2020ರ ಮೇ ತಿಂಗಳ ಆ ಇಸಿಎಲ್‌ಜಿಎಸ್ ಅನ್ನೋ ಗ್ಯಾರಂಟಿ ಸಾಲದ ಸ್ಕೀಮಿನಲ್ಲಿ ಸಿಗ್ತಿದ್ದದ್ದು ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ. 20. ನಮ್ಮದು 18 ಲಕ್ಷ ಬಾಕಿ, ಅಂದ್ರೆ 3 ಲಕ್ಷ 60 ಸಾವಿರ, ಘಾಟ್ಕೋಪರಿನ ಎರಡು ತಿಂಗಳ ಬಾಡಿಗೆಗೂ ಸರಿ ಆಗ್ತಿರಲಿಲ್ಲ. ಜಾಸ್ತಿ ಸಾಲ ಮಾಡಿದವನಿಗೆ ಜಾಸ್ತಿ, ಸಾಲಕ್ಕೆ ಹೆದರಿ ನಡೆಸಿದವನಿಗೆ ಕಮ್ಮಿ. ಬ್ಯಾಂಕ್ ಬಡ್ಡಿ ಶೇ. 9.25ರವರೆಗೆ, ಅಸಲಿಗೆ ಒಂದು ವರ್ಷ ಬಿಡುವು, ಬಡ್ಡಿಗೆ ಬಿಡುವಿಲ್ಲ. ಗ್ಯಾರಂಟಿ ಬ್ಯಾಂಕಿಗೆ, ನಮಗಲ್ಲ. ಆಗ ಲೋಕಲ್ ಟ್ರೇನ್ ಬಂದ್, ಆಫೀಸ್ ಬಂದ್, ಫೋರ್ಟ್‌ನಲ್ಲಿ ಕೂತು ತಿನ್ನಲು ಬಿಟ್ಟದ್ದೇ ಅಕ್ಟೋಬರ್ 5ಕ್ಕೆ, ಅದೂ ಅರ್ಧ ಟೇಬಲ್. ಯಾವ ವ್ಯಾಪಾರ ನಂಬಿ ಸೈನ್ ಹಾಕೋದು? 2021ರ ಮಾರ್ಚ್ ಕೊನೆಗೆ ಹೋಟೆಲಿನವರಿಗೆ ಬಾಕಿಯ ಶೇ. 40 ಸಾಲ, ತೀರಿಸಲು ಆರು ವರ್ಷ ಅಂದ್ರು, ನಾವು ಅಣ್ಣತಮ್ಮ ಮತ್ತೆ ಕೂತು ಮಾತಾಡುವಾಗಲೇ ಏಪ್ರಿಲ್ ಬಂತು, ಪುನಃ ಪಾರ್ಸೆಲ್ ಮಾತ್ರ ಅಂತ ಆರ್ಡರ್ ಆಯ್ತು.

ಬ್ಯಾಂಕಲ್ಲಿರುವ ಹಳೇ ಗಿರಾಕಿ ಒಬ್ರು, 2008ರಲ್ಲಿ ಅಮೆರಿಕದ ಫೋರ್ಡ್ ಕಾರು ಕಂಪನಿಯೂ ಹೀಗೇ ಬೇಲೌಟ್, ಅಂದ್ರೆ ಸರ್ಕಾರದ ನೆರವಿನ ಹಣ, ಬೇಡ ಅಂದಿತ್ತು, ಜನರಲ್ ಮೋಟಾರ್ಸ್, ಕ್ರೈಸ್ಲರ್ ತಗೊಂಡ್ವು ಅಂತ ಹೇಳಿದ್ರು. ಪ್ರೀತಿಯಿಂದ ಹೇಳಿದ್ದು. ಆದ್ರೆ ಫೋರ್ಡ್ 2006ರಲ್ಲೇ ತನ್ನ ಲಾಂಛನ ಸಮೇತ ಅಡ ಇಟ್ಟು 2,000 ಕೋಟಿ ಡಾಲರಿಗಿಂತ ಜಾಸ್ತಿ ಎತ್ತಿಟ್ಟುಕೊಂಡಿತ್ತು. ನಾವು ಮಾರಿದ್ದು ಊರಿನ ತೋಟದ ಒಂದು ಭಾಗ. ಅದರಲ್ಲಿ ಊರಿಗೆ ಹೋಗಲಾರದೆ ರೂಮಲ್ಲೇ ಉಳಿದ ಹುಡುಗರಿಗೆ ಅರ್ಧ ಸಂಬಳ, ಮೂರು ಹೊತ್ತು ಊಟ ಕೊಟ್ಟಿದ್ದೇವೆ, ಒಬ್ಬನನ್ನೂ ಹೋಗು ಅಂದಿಲ್ಲ, ಅದು ನಮಗೆ ಹೆಮ್ಮೆ. ಘಾಟ್ಕೋಪರ್ ಲೀವ್ ಅಂಡ್ ಲೈಸೆನ್ಸ್ ಜಾಗ, ಅಂದ್ರೆ ಕೆಲವು ವರ್ಷದ ಕರಾರಿನ ಬಾಡಿಗೆ, ಡಿಪಾಸಿಟ್ ಪೂರ್ತಿ ಬಾಡಿಗೆಗೇ ಹೋಯ್ತು, ಉಳಿಸ್ಲಿಕ್ಕೆ ಆಗಲಿಲ್ಲ. ಫೋರ್ಟ್ ಪಗಡಿ ಜಾಗ, ಅಂದ್ರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೇ ಬಾಡಿಗೆ ಜಾಗ, ತಿಂಗಳ ಬಾಡಿಗೆ ಕಮ್ಮಿ, ಅದಕ್ಕೆ ಅಲ್ಲಿ ನಿಂತಿದ್ದೇವೆ, ಹೊಸ ಸಾಲ ಒಂದು ಪೈಸೆ ಇಲ್ಲದೆ. ಸಾಲ ತಗೊಂಡಿದ್ರೆ ಇವತ್ತು ಎರಡೂ ಕಡೆ ಕಂತು ಕಟ್ಟುತ್ತಾ ನಿಮ್ಮ ಸಾಂಬಾರಿಗೆ ನೀರು ಹಾಕ್ಬೇಕಾಗ್ತಿತ್ತು, ಅದು ನಮ್ಮಿಂದ ಆಗೋದಿಲ್ಲ. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕಾಫಿ ಪುಡಿ ಯಾವುದರಲ್ಲೂ ಕೈ ಬಿಗಿ ಮಾಡಿಲ್ಲ, ಅನುಮಾನ ಇದ್ರೆ ಸೀದಾ ಅಡುಗೆಮನೆಗೇ ಬನ್ನಿ.

ಘಾಟ್ಕೋಪರಿನ ಊಟದ ಕೂಪನ್ ಉಳಿದಿದ್ರೆ ಫೋರ್ಟ್‌ನಲ್ಲಿ ಹಳೇ ರೇಟಿಗೇ ನಡೀತದೆ. ಅಷ್ಟು ದೂರ ಬರ್ಲಿಕ್ಕೆ ಆಗದ ಹಿರಿಯರು ಜನವರಿ 31ರೊಳಗೆ ಯಾರ ಕೈಯಲ್ಲಾದ್ರೂ ಕಳಿಸಿ, ದುಡ್ಡು ಪೂರ್ತಿ ವಾಪಸ್ ಕೊಡ್ತೇವೆ.