ಮಗಳಿಗೊಂದು ಪತ್ರ: 1,003 ಟಿವಿಗಳ ಗೋಪುರ

ಪ್ರೀತಿಯ ಪುಟ್ಟಿ,

ಪಿಯುಸಿಗೆ ಸೈನ್ಸಾ ಆರ್ಟ್ಸಾ ಅಂತ ಮನೆಯಲ್ಲಿ ದಿನಾ ಪಂಚಾಯಿತಿ ನಡೆಯುತ್ತಿದೆಯಂತೆ, ಅಜ್ಜಿ ಫೋನಿನಲ್ಲಿ ಹೇಳಿದರು. ಆ ಪಂಚಾಯಿತಿಗೆ ನಾನು ಸಿಯೋಲ್‌ನಿಂದ ತಲೆ ಹಾಕುವುದಿಲ್ಲ. ಇವತ್ತು ಭಾನುವಾರ, ಗ್ವಾಚನ್‌ಗೆ ಹೋಗಿದ್ದೆ. ಅದನ್ನಷ್ಟೇ ಬರೆಯುತ್ತೇನೆ.

ಗ್ವಾಚನ್ ಅಂದರೆ ಸಿಯೋಲ್‌ನ ದಕ್ಷಿಣಕ್ಕೆ ಅಂಟಿಕೊಂಡಿರುವ ಊರು. ಮೆಟ್ರೊ ಇಳಿದರೆ ಹತ್ತಿರದಲ್ಲೇ ವಿಜ್ಞಾನ ಮ್ಯೂಸಿಯಂ. ಸಮಕಾಲೀನ ಕಲೆಯ ಮ್ಯೂಸಿಯಂ ಬೆಟ್ಟದ ಕಡೆಗೆ, ಸ್ವಲ್ಪ ದೂರ. ಅತ್ತ ಹೋಗಲು 'ಆನೆ ರೈಲು' ಅಂತ ಒಂದು ಗಾಡಿ ಇದೆ. ಹಳಿ ಇಲ್ಲ, ರಸ್ತೆಯ ಮೇಲೇ ಓಡುತ್ತದೆ. ಮಕ್ಕಳ ಜೊತೆ ನಾನೂ ಹತ್ತಿ ಕೂತೆ.

ಬೆಳಿಗ್ಗೆ ಹೋದದ್ದು ವಿಜ್ಞಾನದ ಕಡೆಗೆ, ಆದರೆ ಕಲೆಯದ್ದನ್ನೇ ಮೊದಲು ಹೇಳಬೇಕು. ಒಳಗೆ ಕಾಲಿಟ್ಟರೆ ಎದುರಿಗೆ ಟಿವಿಗಳ ಗೋಪುರ. ಹದಿನೆಂಟೂವರೆ ಮೀಟರ್ ಎತ್ತರ, ಒಟ್ಟು 1,003 ಟಿವಿ. ಆ ಸಂಖ್ಯೆ ಕೊರಿಯಾ ನಾಡು ಹುಟ್ಟಿದ ದಿನದ ಗುರುತು: ಹತ್ತನೇ ತಿಂಗಳ ಮೂರನೇ ದಿನ, ಅಂದರೆ ಅಕ್ಟೋಬರ್ 3. ಟಿವಿಗಳಿಂದಲೇ ಕಲೆ ಮಾಡುತ್ತಿದ್ದ ಕಲಾವಿದ ನಾಮ್ ಜುನ್ ಪೈಕ್ 1988ರಲ್ಲಿ, ಸಿಯೋಲ್ ಒಲಿಂಪಿಕ್ಸ್ ಶುರುವಾಗುವ ಹೊತ್ತಿಗೆ ಮಾಡಿದ್ದು. ಹೆಸರು 'ಹೆಚ್ಚಿದ್ದಷ್ಟೂ ಒಳ್ಳೆಯದು'. ಸುತ್ತಲೂ ಸುರುಳಿಯಾಗಿ ಏರುವ ದಾರಿ. ಹತ್ತುತ್ತಾ ಹೋದರೆ ಟಿವಿಗಳು ಚಿಕ್ಕವಾಗುತ್ತಾ ಹೋಗುತ್ತವೆ, ಅರಮನೆ, ಬೀಸಣಿಗೆ ನೃತ್ಯ, ಬಣ್ಣದ ಗೆರೆಗಳು ಎಲ್ಲ ಒಟ್ಟಿಗೆ ಮಿನುಗುತ್ತಿರುತ್ತವೆ. ನಿಜ ಹೇಳಬೇಕೆಂದರೆ ಚಿತ್ರಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಹಳೆಯ ಡಬ್ಬಿ ಟಿವಿಗಳ ಇಷ್ಟು ಪಿಕ್ಚರ್ ಟ್ಯೂಬು ಇನ್ನೂ ಉರಿಯುತ್ತಿವೆಯಲ್ಲ, ಎಂಜಿನಿಯರ್ ಆಗಿ ನನ್ನ ಕಣ್ಣು ಅಲ್ಲೇ ನಿಂತಿತು.

ನಿಮ್ಮ ದೊಡ್ಡಮಾವನ ಟಿವಿ ರಿಪೇರಿ ಅಂಗಡಿ ನಿನಗೆ ನೆನಪಿರಲಿಕ್ಕಿಲ್ಲ. 'ಟ್ಯೂಬ್ ಹೋಗಿದೆ' ಅಂತ ಅವರು ಹೇಳಿದರೆ ಟಿವಿಯ ಕಥೆ ಮುಗಿದ ಹಾಗೆ. ಇಲ್ಲಿ ಹೋಗಿದ್ದು ಒಂದೆರಡಲ್ಲ. 2003ರಲ್ಲಿ ಒಮ್ಮೆ ಟಿವಿಗಳನ್ನೆಲ್ಲ ಬದಲಾಯಿಸಿದ್ದರು. ಮತ್ತೆ ಕೆಟ್ಟು, ಬೆಂಕಿಯ ಭಯವೂ ಸೇರಿ, 2018ರ ಫೆಬ್ರವರಿಯಲ್ಲಿ ಪೂರ್ತಿ ಆರಿಸಿಬಿಟ್ಟರು. ಟ್ಯೂಬು ತಯಾರಿಸುವವರೇ ಇಲ್ಲದ ಕಾಲ. ಹಳೆಯ ಸೆಟ್ಟು, ಬಿಡಿಭಾಗ ಹುಡುಕಿ ತಂದು 737 ಟಿವಿಗಳನ್ನು ದುರಸ್ತಿ ಮಾಡಿದರು ಇಲ್ಲವೇ ಬದಲಾಯಿಸಿದರು. ತುದಿಯಲ್ಲಿದ್ದ 266 ಪುಟ್ಟ ಟಿವಿಗಳಿಗೆ ಮಾತ್ರ ಹೊರಗಿನ ರೂಪ ಹಾಗೇ ಉಳಿಸಿ ಒಳಗೆ ಎಲ್‌ಸಿಡಿ ಕೂರಿಸಿದರು. 2022ರ ಸೆಪ್ಟೆಂಬರಿನಲ್ಲಿ ಗೋಪುರ ಮತ್ತೆ ಹೊತ್ತಿಕೊಂಡಿತು. ಈಗಲೂ ದಿನವಿಡೀ ಉರಿಸುವುದಿಲ್ಲ, ಟ್ಯೂಬು ಸವೆಯುತ್ತದಲ್ಲ. ಹೊತ್ತು ನೋಡಿಕೊಂಡೇ ಹೋಗಬೇಕು.

ಪೈಕ್ 2006ರಲ್ಲಿ ತೀರಿಕೊಂಡರು. ಗೋಪುರವನ್ನು ಅವರ ಜೊತೆ ನಿಂತು ಕಟ್ಟಿದವರು ಲೀ ಜಂಗ್-ಸಂಗ್ ಅಂತ, ಟಿವಿಯ ಕಸುಬಿನವರು. ದೊಡ್ಡಮಾವನಿಗೆ ಈ ಹೆಸರು ತಪ್ಪದೆ ಹೇಳು.

ಬೆಳಿಗ್ಗೆ ನೋಡಿದ್ದು ಹಳೆಯ ಕೊರಿಯಾದ ವಿಜ್ಞಾನ. ರಾಜ ಸೆಜೊಂಗ್ ಕಾಲದ ಮಳೆಮಾಪಕ, ಒಂದೇ ಅಳತೆಯಲ್ಲಿ ಮಾಡಿಸಿ 1442ರ ಹೊತ್ತಿಗೆ ಊರೂರಿಗೆ ಕಳಿಸಿದ್ದು. ಮಳೆ ನಿಂತ ಮೇಲೆ ಅಧಿಕಾರಿ ಅಳೆದು ರಾಜಧಾನಿಗೆ ಬರೆದು ತಿಳಿಸಬೇಕಿತ್ತು. ಅದೇ ರಾಜನ ಹತ್ತಿರ ಜಾಂಗ್ ಯೊಂಗ್-ಸಿಲ್ ಎಂಬಾತ ಇದ್ದ. ಹುಟ್ಟಿನಿಂದ ಸರ್ಕಾರಿ ಗುಲಾಮ, ಕೈಚಳಕದಿಂದ ಮೇಲೆ ಬಂದವನು. 1434ರಲ್ಲಿ ತಾನಾಗಿ ಸದ್ದು ಮಾಡುವ ನೀರಿನ ಗಡಿಯಾರ ಕಟ್ಟಿದ: ಪಾತ್ರೆಯಲ್ಲಿ ನೀರು ಏರಿದಂತೆ ತೇಲುಕಡ್ಡಿ ಮೇಲೆದ್ದು ಗುಂಡು ಬೀಳಿಸುತ್ತದೆ, ಆ ಗುಂಡು ಉರುಳಿ ಬೊಂಬೆಯ ಕೈಯಿಂದ ಗಂಟೆ, ನಗಾರಿ ಬಾರಿಸುತ್ತದೆ. ಮುಂದೆ ಅವನ ಉಸ್ತುವಾರಿಯಲ್ಲಿ ತಯಾರಾದ ರಾಜನ ಪಲ್ಲಕ್ಕಿ ಮುರಿಯಿತು. ಹೊಡೆಸಿ, ಕೆಲಸದಿಂದ ತೆಗೆದರು. ಆಮೇಲೆ ಅವನ ಸುದ್ದಿಯೇ ದಾಖಲೆಗಳಲ್ಲಿಲ್ಲ. 1455ರಲ್ಲಿ ಗಡಿಯಾರ ನಿಂತಾಗ ಸರಿಮಾಡುವವರು ಯಾರೂ ಇರಲಿಲ್ಲ. ನೋಡು, ಎಂಥ ಪೆದ್ದುತನ! ಒಂದು ಪಲ್ಲಕ್ಕಿಗೋಸ್ಕರ ಗಡಿಯಾರವನ್ನೂ ಕಳೆದುಕೊಂಡರು.

ಹಾಗಾಗಿ ಗೋಪುರದ ಎದುರು ನಿಂತಾಗ ನಾನು ಯೋಚಿಸಿದ್ದೆಲ್ಲ ರಿಪೇರಿಯವರ ಬಗ್ಗೆಯೇ. ಎಲ್‌ಸಿಡಿ ಹಾಕಿದರೆ ಅದು ಪೈಕ್ ಮಾಡಿದ ಕೃತಿಯಾಗಿ ಉಳಿಯುತ್ತದೆಯೇ ಅಂತ ಕೇಳುವವರು ಇದ್ದಾರೆ. ಟ್ಯೂಬಿನ ಉಬ್ಬುಗಾಜಿನ ಹೊಳಪೇ ಬೇರೆ, ಒಪ್ಪುತ್ತೇನೆ. ಆದರೂ ಕತ್ತಲಲ್ಲಿ ನಿಂತ ಅಸಲಿಗಿಂತ ಉರಿಯುವ ಎಲ್‌ಸಿಡಿಯೇ ಮೇಲು ಅನ್ನುವವಳು ನಾನು. ಚಿತ್ರ ಬರೆಯುವವಳು ನೀನು, ನಿನ್ನ ಲೆಕ್ಕ ಬೇರೆ ಇರಬಹುದು. ಫೋಟೊ ಕಳಿಸಿದ್ದೇನೆ, ನೋಡಿ ಸರಿಯಾಗಿ ನಾಲ್ಕು ಸಾಲು ಬರಿ. ಬರೀ ಎಮೋಜಿ ಹಾಕಿ ತಪ್ಪಿಸಿಕೊಳ್ಳಬೇಡ.

ನಿನ್ನ
ಅಮ್ಮ