ವಾರ್ಯಾಗ್‌ನಿಂದ ಫುಜಿಯಾನ್‌ವರೆಗೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳುಹಿಸಿದ, ಚೀನಾದ ವಿಮಾನವಾಹಕ ನೌಕೆ ಫುಜಿಯಾನ್‌ನ ವಿಡಿಯೊ ನೋಡಿದೆ. ಕಚೇರಿಯಲ್ಲಿ ಅರ್ಧ ಜನ ‘ಚೀನಾದವರದು ಬರೀ ಕದ್ದ ಸರಕು’ ಎನ್ನುತ್ತಾರೆ, ಇನ್ನರ್ಧ ಜನ ‘ಅವರನ್ನು ಹಿಡಿಯುವವರೇ ಇಲ್ಲ’ ಎನ್ನುತ್ತಾರೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದೀಯ. ಫೋನಿನಲ್ಲಿ ಶುರು ಮಾಡಿದರೆ ಅರ್ಧದಲ್ಲಿ ನಿನಗೆ ಯಾವುದೋ ಮೀಟಿಂಗ್ ಬಂದುಬಿಡುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ, ಬಿಡುವಾದಾಗ ಓದು.

ಎರಡೂ ಗುಂಪಿನವರು ನೋಡುತ್ತಿರುವುದು ಹಡಗನ್ನು. ನಮ್ಮ ವಿಮಾನವಾಹಕ ನೌಕೆ ವಿರಾಟ್‌ನ ಡೆಕ್ ಮೇಲೆ, ಅಂದರೆ ವಿಮಾನಗಳು ಏರಿ ಇಳಿಯುವ ಮೇಲ್ಭಾಗದಲ್ಲಿ, ವಿಮಾನಗಳಿಗೆ ಸರಪಳಿ ಬಿಗಿದು, ಬಿಚ್ಚಿ, ತಳ್ಳಿ ಸಂಬಳ ತೆಗೆದುಕೊಂಡ ನನಗೆ ಹಡಗಿಗಿಂತ ಅದರ ಮೇಲೆ ಓಡಾಡುವವರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಹಡಗಿನ ಕಥೆಯೇನೋ ಸ್ವಾರಸ್ಯವಾಗಿಯೇ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸೋವಿಯತ್ ಒಕ್ಕೂಟ 1985ರಲ್ಲಿ ಉಕ್ರೇನಿನ ನಿಕೊಲಾಯೆವ್ ಹಡಗುಕಟ್ಟೆಯಲ್ಲಿ ಒಂದು ವಿಮಾನವಾಹಕ ನೌಕೆಗೆ ಅಡಿಪಾಯ ಹಾಕಿತು. ಕೊನೆಗೆ ಅದಕ್ಕೆ ಉಳಿದ ಹೆಸರು ವಾರ್ಯಾಗ್. 1988ರಲ್ಲಿ ನೀರಿಗಿಳಿಯಿತು. ಅಷ್ಟರಲ್ಲಿ ಒಕ್ಕೂಟವೇ ಒಡೆಯಿತು, ಹಣ ನಿಂತಿತು, ಮೂರನೇ ಎರಡು ಭಾಗದಷ್ಟು ಕೆಲಸ ಮುಗಿದಿದ್ದ ಹಡಗು ತುಕ್ಕು ಹಿಡಿಯುತ್ತ ನಿಂತಿತು. 1998ರಲ್ಲಿ ಅದನ್ನು ಎರಡು ಕೋಟಿ ಡಾಲರಿಗೆ ಹರಾಜಿನಲ್ಲಿ ಹಿಡಿದವರು ಶು ಝೆಂಗ್‌ಪಿಂಗ್ ಎಂಬ ಚೀನೀ ಉದ್ಯಮಿ, ಹಿಂದೆ ಸೇನೆಯ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಮಕಾವ್‌ನಲ್ಲಿ ತೇಲುವ ಹೋಟೆಲು, ಕ್ಯಾಸಿನೊ ಮಾಡುತ್ತೇವೆ ಎಂದು ಜಗತ್ತಿಗೆ ಹೇಳಲಾಯಿತು. ನಂಬಿದವರು ನಂಬಿದರು. ಹಡಗಿನ ಜೊತೆ ಟನ್ನುಗಟ್ಟಲೆ ನಕ್ಷೆಗಳೂ ಬಂದವೆಂದು, ಎಂಜಿನ್‌ಗಳು ಒಳಗೇ ಸುಸ್ಥಿತಿಯಲ್ಲಿದ್ದವೆಂದು ಶು ಅವರೇ ವರ್ಷಗಳ ನಂತರ ಬಾಯಿಬಿಟ್ಟರು. ಕ್ಯಾಸಿನೊಗೆ ಬಾಯ್ಲರ್ ನಕ್ಷೆ ಯಾಕೆ ಎಂದು ಆಗ ಯಾರೂ ಕೇಳಿದಂತಿಲ್ಲ.

ತರುವುದೇ ಒಂದು ಪಾಡಾಯಿತು. ಎಂಜಿನ್ ಓಡದ, ಚುಕ್ಕಾಣಿ ಇಲ್ಲದ, ಮುನ್ನೂರು ಮೀಟರ್ ಉದ್ದದ ಉಕ್ಕಿನ ಗುಡ್ಡೆ ಇಸ್ತಾಂಬುಲ್ ನಡುವಿನ ಬಾಸ್ಫರಸ್ ಜಲಸಂಧಿಯಲ್ಲಿ ಅಡ್ಡ ತಿರುಗಿದರೆ ಗತಿಯೇನು ಎಂದು ಟರ್ಕಿ ದಾರಿ ಬಿಡಲಿಲ್ಲ. ಎಳೆಯುವ ಟಗ್ ದೋಣಿಗಳು ಅದನ್ನು ಕಪ್ಪು ಸಮುದ್ರದಲ್ಲಿ ಸುಮಾರು 16 ತಿಂಗಳು ಎಳೆದಾಡಿಕೊಂಡಿದ್ದವು. 2001ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿ ಹೊರಬಂದರೆ, ಏಜಿಯನ್ ಸಮುದ್ರದ ಬಿರುಗಾಳಿಗೆ ಎಳೆಹಗ್ಗ ಹರಿದುಹೋಯಿತು. ಮತ್ತೆ ಕಟ್ಟಲು ಹೋದ ಒಬ್ಬ ನಾವಿಕ ಬಿದ್ದು ಸತ್ತ. ಸ್ವಂತ ಬಲದಿಂದ ಚಲಿಸಲಾರದ ಹಡಗನ್ನು ಸೂಯೆಜ್ ಕಾಲುವೆ ಬಿಟ್ಟುಕೊಳ್ಳಲಿಲ್ಲ. ಜಿಬ್ರಾಲ್ಟರ್ ದಾಟಿ, ಆಫ್ರಿಕಾ ಸುತ್ತಿ, ಮಲಕ್ಕಾ ಹಾದು 2002ರ ಮಾರ್ಚ್ ಮೊದಲಲ್ಲಿ ಚೀನಾದ ಡಾಲಿಯನ್ ಬಂದರು ಮುಟ್ಟಿತು. ಅದನ್ನು ಸಮರನೌಕೆ ಮಾಡಲು ಇನ್ನೂ ಹತ್ತು ವರ್ಷ ಹಿಡಿಯಿತು. 2012ರ ಸೆಪ್ಟೆಂಬರ್ 25ರಂದು ಲಿಯಾವೊನಿಂಗ್ ಎಂಬ ಹೊಸ ಹೆಸರಿನಲ್ಲಿ ನೌಕಾಪಡೆ ಸೇರಿತು.

ಇದರ ಹಿಂದೆ ಇನ್ನೂ ಹಳೆಯ ಆಸೆಯೊಂದಿತ್ತು. ಲಿಯು ಹುವಾಕಿಂಗ್ ಎಂಬ ಸೇನಾಧಿಕಾರಿ 1980ರಲ್ಲಿ ಅಮೆರಿಕದ ಕಿಟ್ಟಿ ಹಾಕ್ ನೌಕೆಯನ್ನು ಹತ್ತಿ ನೋಡಿಬಂದರು. ಎರಡು ವರ್ಷಕ್ಕೆ ಚೀನಾ ನೌಕಾಪಡೆಯ ಮುಖ್ಯಸ್ಥರಾದರು, ವಿಮಾನವಾಹಕ ನೌಕೆ ಬೇಕೆಂದು ಪಟ್ಟು ಹಿಡಿದರು. 1985ರಲ್ಲಿ ಆಸ್ಟ್ರೇಲಿಯಾದ ಹಳೆಯ ಮೆಲ್ಬರ್ನ್ ನೌಕೆ ಗುಜರಿಯಾಗಿ ಚೀನಾಕ್ಕೆ ಬಂದಾಗ ಅದನ್ನು ಒಡೆಯುವ ಮೊದಲು ಎಂಜಿನಿಯರುಗಳು ಮೂಲೆ ಮೂಲೆ ಅಳೆದರು. ಆಮೇಲೆ ಸೋವಿಯತ್ ಕಾಲದ ಮಿನ್ಸ್ಕ್ ಮತ್ತು ಕೀವ್ ನೌಕೆಗಳೂ ಬಂದವು. ಅವು ನಿಜವಾಗಿಯೂ ಮೋಜಿನ ತಾಣಗಳಾದವು, ಟಿಕೆಟ್ ತೆಗೆದುಕೊಂಡು ಜನ ನೋಡಿದರು. ಲಿಯು 2011ರ ಜನವರಿಯಲ್ಲಿ ತೀರಿಕೊಂಡರು, ಲಿಯಾವೊನಿಂಗ್ ಸೇವೆಗೆ ಸೇರುವುದನ್ನು ನೋಡಲಿಲ್ಲ.

ಇಷ್ಟನ್ನು ಕೇಳಿದರೆ ‘ಕದ್ದ ಸರಕು’ ಎನ್ನುವವರಿಗೆ ಖುಷಿಯಾಗುತ್ತದೆ. ವಿಮಾನದ ವಿಷಯದಲ್ಲಂತೂ ಅವರ ಮಾತನ್ನು ತೆಗೆದುಹಾಕುವಂತಿಲ್ಲ. ನೌಕೆಯಿಂದ ಹಾರುವ ಸೋವಿಯತ್ ಯುದ್ಧವಿಮಾನ ಸುಖೋಯ್-33ರ ಒಂದು ಮಾದರಿಯನ್ನು ಉಕ್ರೇನಿನಿಂದ ತಂದು, ಬಿಚ್ಚಿ ನೋಡಿ, ತಮ್ಮ ಜೆ-15 ವಿಮಾನ ಮಾಡಿದರು. ಆದರೆ ಜೆ-15ನ್ನು ಡೆಕ್ ಮೇಲೆ ಇಳಿಸುವ ವಿದ್ಯೆ ಯಾವ ನಕ್ಷೆಯಲ್ಲೂ ಇರಲಿಲ್ಲ.

ಇಳಿಯುವುದೆಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾನದ ಬಾಲದ ಕೆಳಗೆ ಒಂದು ಉಕ್ಕಿನ ಕೊಕ್ಕೆ ಇರುತ್ತದೆ. ಡೆಕ್‌ಗೆ ಅಡ್ಡಲಾಗಿ ಕೆಲವೇ ಮೀಟರ್ ಅಂತರದಲ್ಲಿ ತಡೆತಂತಿಗಳನ್ನು ಎಳೆದಿರುತ್ತಾರೆ, ಲಿಯಾವೊನಿಂಗ್‌ನಲ್ಲಿ ನಾಲ್ಕು. ಕೊಕ್ಕೆ ಅವುಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿದರೆ ಸುಮಾರು ನೂರು ಮೀಟರಿನೊಳಗೆ ವಿಮಾನ ನಿಲ್ಲುತ್ತದೆ. ನೆಲದ ರನ್‌ವೇಯಲ್ಲಿ ಮಾಡುವಂತೆ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಮೆತ್ತಗೆ ಇಳಿಯುವಂತಿಲ್ಲ. ಒಂದೇ ಕೋನದಲ್ಲಿ ನೇರ ಬಂದು ಬಡಿಯಬೇಕು. ಚಕ್ರ ಡೆಕ್ ಮುಟ್ಟಿದ ಕ್ಷಣವೇ ಪೈಲಟ್ ಎಂಜಿನ್ ವೇಗ ಇಳಿಸುವ ಬದಲು ಪೂರ್ತಿ ಏರಿಸುತ್ತಾನೆ. ಯಾಕೆಂದರೆ ಕೊಕ್ಕೆ ತಪ್ಪಿದ್ದರೆ ಮುಂದೆ ಇರುವುದು ಸಮುದ್ರ, ಮತ್ತೆ ಹಾರಿ ಸುತ್ತು ಹಾಕಿ ಬರಬೇಕು. ಅವನು ನೋಡಿಕೊಂಡು ಬರುವ ದೀಪದ ಸಾಲು, ಎಡಕ್ಕೆ ಓರೆಯಾಗಿರುವ ಇಳಿದಾಣ, ಎರಡೂ 1950ರ ದಶಕದ ಬ್ರಿಟಿಷರ ಯೋಚನೆಯಿಂದ ಹುಟ್ಟಿದವು. ನಾನಿದ್ದ ವಿರಾಟ್‌ನಲ್ಲಿ ಈ ತಂತಿಗಳ ಗೊಡವೆ ಇರಲಿಲ್ಲ, ಸೀ ಹ್ಯಾರಿಯರ್ ನಿಂತಲ್ಲೇ ನೆಟ್ಟಗೆ ಇಳಿಯುತ್ತಿತ್ತು. ಆದ್ದರಿಂದ ತಂತಿ ಹಿಡಿಯುವವರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಗೌರವ.

ಚೀನಾದವರು ಇದನ್ನು ಕಲಿತಿದ್ದು ನೆಲದ ಮೇಲೆ. ಲಿಯಾವೊನಿಂಗ್ ಪ್ರಾಂತ್ಯದ ಶಿಂಗ್‌ಚೆಂಗ್ ಬಳಿ ಡೆಕ್‌ನ ಅಳತೆಯಲ್ಲೇ ರನ್‌ವೇ ಗುರುತಿಸಿ, ಮುಂದೆ ಸೊಂಡಿಲಿನಂತೆ ಮೇಲೇಳುವ, ವಿಮಾನ ಹತ್ತಿ ಹಾರಿಹೋಗುವ ಸ್ಕೀ-ಜಂಪ್ ಎಂಬ ಏರು ಕಟ್ಟಿ ಅಭ್ಯಾಸ ಮಾಡಿದರು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ವುಹಾನ್‌ನಲ್ಲಿ ಒಂದು ಕಟ್ಟಡದ ತಾರಸಿಯ ಮೇಲೆ ಕಾಂಕ್ರೀಟಿನ ವಿಮಾನವಾಹಕ ನೌಕೆಯನ್ನೇ ಎಬ್ಬಿಸಿದರು. ಉಪಗ್ರಹ ಚಿತ್ರ ನೋಡಿದವರು ಮೊದಲು ನಕ್ಕರು. 2012ರ ನವೆಂಬರ್‌ನಲ್ಲಿ ದಾಯ್ ಮಿಂಗ್‌ಮೆಂಗ್ ಎಂಬ ಪೈಲಟ್ ನಿಜವಾದ ಡೆಕ್ ಮೇಲೆ ಜೆ-15ನ್ನು ಮೊದಲ ಬಾರಿಗೆ ಇಳಿಸಿದರು. ಆ ಪರೀಕ್ಷೆಗಳನ್ನು ಹಡಗಿನಲ್ಲೇ ಇದ್ದು ನೋಡಿದ ಲುವೊ ಯಾಂಗ್, ವಿಮಾನ ತಯಾರಿಸಿದ ಶೆನ್ಯಾಂಗ್ ಸಂಸ್ಥೆಯ ಮುಖ್ಯಸ್ಥರು, ದಡಕ್ಕೆ ಮರಳಿದ ದಿನವೇ ಹೃದಯಾಘಾತದಿಂದ ತೀರಿಕೊಂಡರು. ಇತ್ತ ವಿಮಾನಕ್ಕೆ ಹಾರುವ ಅಪ್ಪಣೆ ಕೊಡುವ ಡೆಕ್ ಸಿಬ್ಬಂದಿ ಒಂದು ಮಂಡಿ ಬಾಗಿಸಿ ಎರಡು ಬೆರಳು ಮುಂದಕ್ಕೆ ಚಾಚುವ ಭಂಗಿ ಟಿ.ವಿ.ಯಲ್ಲಿ ಬಂದದ್ದೇ ತಡ, ಚೀನಾದ ತುಂಬ ಜನ ಬೀದಿಯಲ್ಲಿ, ಶಾಲೆಯಲ್ಲಿ ಅದೇ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡರು.

ಆ ಸಂಭ್ರಮ ಎಲ್ಲರಿಗೂ ನೆನಪಿದೆ. 2016ರ ಏಪ್ರಿಲ್ ತಿಂಗಳು ಅಷ್ಟಾಗಿ ನೆನಪಿಲ್ಲ. ಆ ತಿಂಗಳ ಮೊದಲ ವಾರ ಕಾವೊ ಶಿಯಾನ್‌ಜಿಯಾನ್ ಎಂಬ ಪೈಲಟ್‌ನ ಜೆ-15ರ ನಿಯಂತ್ರಣ ವ್ಯವಸ್ಥೆ ಹಾರಾಟದಲ್ಲೇ ಕೈಕೊಟ್ಟಿತು. ಹೊರಜಿಗಿದು ಬದುಕಿದರು, ಬೆನ್ನುಮೂಳೆ ಮುರಿಯಿತು. 27ರಂದು ಝಾಂಗ್ ಚಾವೊ ನೆಲದ ಮೇಲಿನ ಅಣಕು ಡೆಕ್‌ಗೆ ಇಳಿಯುವ ಅಭ್ಯಾಸದಲ್ಲಿದ್ದರು. ಚಕ್ರ ನೆಲ ಮುಟ್ಟಿದ ಮೇಲೆ ವಿಮಾನದ ಮೂತಿ ತಾನಾಗಿ ಮೇಲೆದ್ದಿತು. ಅದನ್ನು ಕೆಳಗೆ ತರಲು ಹೆಣಗಿ, ಆಗದೆ ಹೊರಜಿಗಿದರು. ಎತ್ತರ ಸಾಲಲಿಲ್ಲ. 29 ವರ್ಷ, ನಿಮ್ಮ ಅಣ್ಣನ ಈಗಿನ ವಯಸ್ಸು. ಕಾವೊ ಮರುವರ್ಷ ಮತ್ತೆ ಜೆ-15 ಹತ್ತಿ ಡೆಕ್ ಮೇಲೆ ಇಳಿದರು ಎಂದು ಓದಿದಾಗ, ಯಾವ ದೇಶದವನಾದರೇನು, ಎದ್ದು ಸೆಲ್ಯೂಟ್ ಹೊಡೆಯಬೇಕೆನ್ನಿಸಿತು.

ಹಾಗೆಂದು ಚೀನಾದವರು ವಿಶೇಷವಾಗಿ ಹೆಚ್ಚು ಬೆಲೆ ತೆತ್ತರು ಎಂದುಕೊಳ್ಳಬೇಡ. 1954ರ ಒಂದೇ ವರ್ಷದಲ್ಲಿ ಅಮೆರಿಕದ ನೌಕಾಪಡೆ ಮತ್ತು ಮೆರೀನ್ ದಳ ಸೇರಿ 776 ವಿಮಾನ, 535 ಜೀವ ಕಳೆದುಕೊಂಡವು. ಜೆಟ್ ಎಂಜಿನ್ ಆಗ ಹೊಸದು. 1967ರಲ್ಲಿ ಫಾರೆಸ್ಟಲ್ ನೌಕೆಯ ಮೇಲೆ ನಿಂತಿದ್ದ ವಿಮಾನದಿಂದ ರಾಕೆಟ್ ಒಂದು ತಾನಾಗಿ ಹಾರಿ ಬೆಂಕಿ ಹತ್ತಿತು, 134 ಮಂದಿ ಸತ್ತರು. ಡೆಕ್ ಮೇಲೆ ಇಂಥದ್ದನ್ನು ಮುಟ್ಟಬಾರದು, ಇಂಥಲ್ಲಿ ನಿಲ್ಲಬಾರದು ಎಂಬ ಒಂದೊಂದು ನಿಯಮದ ಹಿಂದೆಯೂ ಹೀಗೆ ಯಾರೋ ಇದ್ದಾರೆ. ತಡವಾಗಿ ಬಂದ ಚೀನಾಕ್ಕೆ ಆ ನಿಯಮಗಳು ಬರೆದಿಟ್ಟ ರೂಪದಲ್ಲಿ ಸಿಕ್ಕವು. ನನ್ನ ಲೆಕ್ಕದಲ್ಲಿ ಅವರಿಗಾದ ದೊಡ್ಡ ಲಾಭ ವಾರ್ಯಾಗ್‌ನ ನಕ್ಷೆಗಿಂತ ಇದೇ.

ಆ ವಿಡಿಯೊವನ್ನು ಇನ್ನೊಮ್ಮೆ ಹಾಕು, ಈ ಸಲ ವಿಮಾನ ನೋಡಬೇಡ. ಬಣ್ಣಬಣ್ಣದ ಅಂಗಿಯವರನ್ನು ನೋಡು. ಹಳದಿಯವನು ವಿಮಾನಕ್ಕೆ ದಾರಿ ತೋರಿಸುತ್ತಾನೆ, ನೇರಳೆಯವನು ಇಂಧನ ತುಂಬುತ್ತಾನೆ, ಹಸಿರಿನವನು ವಿಮಾನವನ್ನು ಎಸೆದು ಹಾರಿಸುವ ಕ್ಯಾಟಪಲ್ಟ್ ಯಂತ್ರ ಮತ್ತು ತಡೆತಂತಿ ನೋಡಿಕೊಳ್ಳುತ್ತಾನೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಎಲ್ಲವೂ ಕೈಸನ್ನೆ. ಹಾರಾಟಕ್ಕೆ ಮೊದಲು ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತು ತಲೆ ತಗ್ಗಿಸಿ ಡೆಕ್ಕಿನ ಉದ್ದಕ್ಕೂ ನಡೆಯುತ್ತಾರೆ. ಒಂದು ನಟ್ಟು, ಒಂದು ತಂತಿಚೂರು ಎಂಜಿನ್‌ನೊಳಗೆ ಹೋದರೂ ವಿಮಾನ ಕೆಟ್ಟಿತು ಎಂದೇ ಅರ್ಥ. ಲಿಯಾವೊನಿಂಗ್‌ನವರೂ ಹಾಗೇ ನಡೆಯುವ ಚಿತ್ರಗಳಿವೆ. ಆ ನೌಕೆಯ ಸಿಬ್ಬಂದಿಯಲ್ಲಿ ಮೊದಲಿನಿಂದಲೂ ಹೆಣ್ಣುಮಕ್ಕಳಿದ್ದಾರೆ ಎಂಬುದನ್ನೂ ಗಮನಿಸು. ವಿಮಾನ ಇಳಿದು ಕೊಕ್ಕೆ ಬಿಟ್ಟು ಪಕ್ಕಕ್ಕೆ ಸರಿಯಲು ಎಷ್ಟು ಹೊತ್ತು ಹಿಡಿಯಿತು, ಹಳದಿ ಅಂಗಿಯವನು ಎರಡು ಸಲ ಸನ್ನೆ ಮಾಡಬೇಕಾಯಿತೋ ಒಂದೇ ಸಲ ಸಾಕಾಯಿತೋ, ಅದನ್ನು ನೋಡಿದರೆ ಆ ಪಡೆ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತದೆ. ಮೊದಮೊದಲ ವರ್ಷಗಳ ದೃಶ್ಯಗಳಲ್ಲಿ ತಡವರಿಕೆ ಕಾಣುತ್ತಿತ್ತು. ಈಗ ಕಡಿಮೆಯಾಗಿದೆ.

ಮುಂದಿನದು ನಿನಗೆ ಸುದ್ದಿಯಲ್ಲಿ ಸಿಕ್ಕಿರುತ್ತದೆ. 2019ರ ಡಿಸೆಂಬರ್‌ನಲ್ಲಿ ಅವರ ಎರಡನೇ ವಿಮಾನವಾಹಕ ನೌಕೆ ಶಾನ್‌ಡಾಂಗ್ ಸೇರಿತು, ಪೂರ್ತಿ ಚೀನಾದಲ್ಲೇ ಕಟ್ಟಿದ್ದು, ಆದರೆ ಲಿಯಾವೊನಿಂಗ್‌ನ ತಮ್ಮನಂತೆಯೇ ಇದೆ. 2022ರ ಜೂನ್‌ನಲ್ಲಿ ಶಾಂಘೈನಲ್ಲಿ ನೀರಿಗಿಳಿದ ಫುಜಿಯಾನ್, 2025ರ ನವೆಂಬರ್ 5ರಂದು ಸಾನ್ಯಾದಲ್ಲಿ ಸೇವೆಗೆ ಸೇರಿತು. ನಿಜವಾದ ನೆಗೆತ ಇರುವುದು ಇಲ್ಲಿ. ಸ್ಕೀ-ಜಂಪ್‌ನಿಂದ ವಿಮಾನ ತನ್ನ ಎಂಜಿನ್ ಬಲದಲ್ಲೇ ಏರಬೇಕು, ಹಾಗಾಗಿ ತುಂಬ ಇಂಧನ, ತುಂಬ ಕ್ಷಿಪಣಿ ಒಟ್ಟಿಗೆ ಹೊರಲಾರದು. ದೂರದ ಶತ್ರುವನ್ನು ಮೊದಲೇ ಕಾಣುವ, ರೇಡಾರ್ ಹೊತ್ತ ನಿಧಾನ ವಿಮಾನವಂತೂ ಹಾರಲೇ ಆಗದು. ಫುಜಿಯಾನ್‌ನಲ್ಲಿ ವಿಮಾನವನ್ನು ಮುಂದಕ್ಕೆ ಎಸೆಯುವ ಮೂರು ವಿದ್ಯುತ್ಕಾಂತೀಯ ಕ್ಯಾಟಪಲ್ಟ್‌ಗಳಿವೆ. ಅಮೆರಿಕ ದಶಕಗಳ ಕಾಲ ಬಳಸಿದ ಹಬೆಯ ಕ್ಯಾಟಪಲ್ಟನ್ನು ಚೀನಾದವರು ಯಾವ ಹಡಗಿಗೂ ಹಾಕದೆ ದಾಟಿಬಿಟ್ಟರು. ಆ ವಿದ್ಯುತ್ ವ್ಯವಸ್ಥೆಯ ಹಿಂದೆ ಮಾ ವೈಮಿಂಗ್ ಎಂಬ ನೌಕಾ ಎಂಜಿನಿಯರ್ ಇದ್ದಾರೆ. ಕೆಜೆ-600 ರೇಡಾರ್ ವಿಮಾನ, ರೇಡಾರಿಗೆ ಸುಲಭವಾಗಿ ಸಿಗದ ಜೆ-35 ಯುದ್ಧವಿಮಾನ ಎರಡೂ ಅದರ ಮೇಲಿಂದ ಹಾರಿದ್ದನ್ನು ಅವರೇ ತೋರಿಸಿದರು. ಇದನ್ನು ಕದ್ದ ಸರಕು ಎಂದು ಹೇಳುವ ನಿನ್ನ ಸಹೋದ್ಯೋಗಿಗಳಿಗೆ, ಯಾರಿಂದ ಕದ್ದದ್ದು ಎಂದು ಕೇಳಿ ನೋಡು. ಇಂಥ ಕ್ಯಾಟಪಲ್ಟ್ ಇರುವ ಇನ್ನೊಂದು ದೇಶ ಅಮೆರಿಕ ಮಾತ್ರ, ಅವರ ಫೋರ್ಡ್ ನೌಕೆಯಲ್ಲೂ ಅದು ಬಹಳ ಕಾಲ ಕಾಟ ಕೊಟ್ಟಿತು.

ಇನ್ನು ‘ಹಿಡಿಯುವವರೇ ಇಲ್ಲ’ ಎನ್ನುವವರಿಗೆ. 2025ರ ಜೂನ್‌ನಲ್ಲಿ ಲಿಯಾವೊನಿಂಗ್ ಮತ್ತು ಶಾನ್‌ಡಾಂಗ್ ಪೆಸಿಫಿಕ್‌ನಲ್ಲಿ ಒಂದೇ ಹೊತ್ತಿಗೆ ಅಭ್ಯಾಸ ನಡೆಸಿದವು, ಲಿಯಾವೊನಿಂಗ್ ಹಿಂದೆಂದೂ ಹೋಗದಷ್ಟು ಪೂರ್ವಕ್ಕೆ ಹೋಗಿತ್ತು. ದೊಡ್ಡ ಮಾತೇ. ಆದರೆ ಫುಜಿಯಾನ್ ಓಡುವುದು ಪರಮಾಣು ಶಕ್ತಿಯಿಂದಲ್ಲ, ಎಣ್ಣೆಯಿಂದ. ದೂರ ಹೋದಷ್ಟೂ ಜೊತೆಗೆ ಎಣ್ಣೆ ಹಡಗು ಬೇಕು, ದಾರಿಯಲ್ಲಿ ನೆಂಟರ ಬಂದರು ಬೇಕು. ಅಮೆರಿಕಕ್ಕೆ ಅಂಥ ಬಂದರುಗಳು ಪ್ರಪಂಚದ ತುಂಬ ಇವೆ, ಚೀನಾಕ್ಕೆ ಬೆರಳೆಣಿಕೆ. ಪೈಲಟ್‌ಗಳ ವಿಷಯವೂ ಹಾಗೇ. ಮೊದಲು ಪಳಗಿದ ಪೈಲಟ್‌ಗಳನ್ನು ಆಯ್ದು ಡೆಕ್‌ಗೆ ತಂದರು, ಈಗ ನೌಕಾ ವಾಯುಯಾನ ವಿಶ್ವವಿದ್ಯಾಲಯದಿಂದ ನೇರವಾಗಿ ಎಳೆಯರನ್ನು ತಯಾರು ಮಾಡುತ್ತಿದ್ದಾರೆ. ಮೂರು ಹಡಗಿಗೆ ಸಾಲುವಷ್ಟು ಜನ, ಅವರಿಗೆ ಕಲಿಸುವ ಗುರುಗಳು, ಗುರುಗಳಿಗೆ ಸಾಲುವಷ್ಟು ರಾತ್ರಿ ಹಾರಾಟ, ಇವೆಲ್ಲ ಹಡಗುಕಟ್ಟೆಯ ವೇಗದಲ್ಲಿ ಬೆಳೆಯುವುದಿಲ್ಲ. ಯುದ್ಧದಲ್ಲಿ ಹೊಡೆತ ತಿಂದು, ಡೆಕ್ ಉರಿಯುತ್ತಿರುವಾಗ ಗಾಳಿಯಲ್ಲಿರುವ ವಿಮಾನಗಳನ್ನು ಇಳಿಸಿಕೊಳ್ಳುವ ಪ್ರಸಂಗ ಅವರಿಗೆ ಬಂದಿಲ್ಲ. ಬಾರದಿರಲಿ ಎಂದೇ ಹಾರೈಸುತ್ತೇನೆ, ಆದರೆ ಲೆಕ್ಕಕ್ಕೆ ಅದನ್ನು ಬಿಡಲಾಗದು.

ನಮ್ಮವರ ಬಗ್ಗೆ ಕೇಳುತ್ತೀಯ ಎಂದು ಗೊತ್ತು. ಮೊದಲ ವಿಕ್ರಾಂತ್ ಸೇವೆಗೆ ಬಂದದ್ದು 1961ರಲ್ಲಿ. ಲಿಯಾವೊನಿಂಗ್‌ಗಿಂತ ಅರ್ಧ ಶತಮಾನ ಮೊದಲು. ಡೆಕ್ ಮೇಲಿನ ಕೈಗಳ ಅನುಭವದಲ್ಲಿ ನಾವು ಹಿರಿಯರು, ಹಡಗು ಕಟ್ಟುವ ವೇಗದಲ್ಲಿ ಅವರು ನಮ್ಮನ್ನು ಬಹಳ ಹಿಂದೆ ಬಿಟ್ಟಿದ್ದಾರೆ. ಇದನ್ನು ನಾನು ಸಂಕಟಪಟ್ಟೇ ಬರೆಯುತ್ತಿದ್ದೇನೆ. ಅದರ ಕಾರಣಗಳನ್ನು ಹೇಳಹೊರಟರೆ ಇನ್ನೊಂದು ಪತ್ರವಾಗುತ್ತದೆ, ನಿನ್ನ ಅಮ್ಮ ಆಗಲೇ ಎರಡು ಸಲ ಊಟಕ್ಕೆ ಕರೆದಾಯಿತು.

ನಿನ್ನ ಕಚೇರಿಯವರು ಏನಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ಬರೆ. ಭಾನುವಾರ ಅಮ್ಮನಿಗೆ ಫೋನ್ ಮಾಡು.

ಇಂತಿ ನಿನ್ನ,
ಅಪ್ಪ